ಕೆಳಗಿನ ಸೂಜಿ

ಮಾರಿಕಣಿವೆಯ ನೀರಿಗೆ ಅದು ಬಿದ್ದದ್ದಲ್ಲ, ಕೂತದ್ದು.
ಕೂರುವಾಗ ಮುಳುಗಿದ್ದ ಜಾಲಿಯ ಕೊಂಬೆಯೊಂದು
ಎಡರೆಕ್ಕೆಯನ್ನು ಎರಡು ಮಾರು ಸೀಳಿತ್ತು.
ರಾತ್ರೋರಾತ್ರಿ ಹಿರಿಯೂರಿಗೆ ಸೈಕಲ್ ಬಂತು:
'ಸಿಂಪಿ ವಿಠೋಬಣ್ಣ ಬೇಕು.
ಸೂಜಿ ದಪ್ಪದ್ದಿರಲಿ, ಗಾದಿ ಹೊಲಿಯೋದು.'

ಅಪ್ಪ ನನ್ನನ್ನೂ ಕರೆದೊಯ್ದ. ನನಗೆ ಒಂಬತ್ತು.
ರೆಕ್ಕೆಗೆ ಒಬ್ಬರು ಸಾಲದು,
ಮೇಲೊಬ್ಬರು, ಕೆಳಗೊಬ್ಬರು.

ಹರಿಗೋಲಿನಲ್ಲಿ ನಿಂತು ನೋಡಿದೆ:
ಹೊಟ್ಟೆ ದೋಣಿಯದು, ಬೆನ್ನು ಹದ್ದಿನದು,
ಕಂಕುಳಲ್ಲಿ ಮಡಚಿಟ್ಟ ಎರಡು ಗಾಲಿ.
'ಎರಡು ದೋಣಿಗೆ ಕಾಲಿಟ್ಟವನ ಗತಿ ಗೊತ್ತಲ್ಲ,
ಇದು ಮೂರಕ್ಕಿಟ್ಟಿದೆ' ಅಂದ ಅಂಬಿಗರ ಕಾಡಜ್ಜ.
ಮೂತಿಯ ಮೇಲೊಂದು ಕಬ್ಬಿಣದ ಬಳೆ.
ಕೋವಿ ಇನ್ನೂ ಬಂದಿಲ್ಲ, ಬಳೆ ಮಾತ್ರ ತಯಾರು.
ಅದರೊಳಗಿಂದ ತಲೆ ತೂರಿಸಿ
ದೊರೆ ಹಲ್ಲುಜ್ಜುತ್ತಿದ್ದ.

ಅಪ್ಪ ಮೇಲಿಂದ ಸೂಜಿ ಇಳಿಸುವನು,
ರೆಕ್ಕೆಯೊಳಗಿನ ಕತ್ತಲು ದಾಟಿ ಅದು ನನ್ನ ಬೆರಳಿಗೆ ಸಿಗುವುದು;
ಗಂಟು ಬಿಗಿದು ವಾಪಸ್ ಕಳಿಸುವೆನು.
ಇಡೀ ದಿನ ಒಬ್ಬರ ಮುಖ ಒಬ್ಬರಿಗಿಲ್ಲ.
ದಾರ ಜಗ್ಗಿದರೆ 'ಇದ್ದೀಯಾ?' ಅಂತ,
ತಿರುಗಿ ಜಗ್ಗಿದರೆ 'ಇದ್ದೀನಿ' ಅಂತ.
ಬಟ್ಟೆಗೆ ಬಳಿದದ್ದು ಕೊಳೆತ ಬಾಳೆಹಣ್ಣಿನ ಹಾಗೆ ನಾತ;
ತಲೆ ಸುತ್ತಿ ನೀರಿಗೆ ವಾಂತಿ ಮಾಡಿದೆ,
ಯಾರಿಗೂ ಹೇಳಲಿಲ್ಲ.

ಸಂಜೆ ಓವರ್‌ಸಿಯರ್ ಶೇಷಗಿರಿಯವರನ್ನು ಅಪ್ಪ ಕೇಳಿದ:
'ಮದುವೆಯ ಅಂಗಿ ಹೊಲಿದಿದ್ದೀನಿ,
ಹೆಣದ ಬಟ್ಟೆ ಹರಿದುಕೊಟ್ಟಿದ್ದೀನಿ,
ತೊಡುವವರು ಯಾರಂತ ಗೊತ್ತಿರುತ್ತಿತ್ತು.
ಇದು ಯಾರ ಮೈಗೆ, ಸ್ವಾಮಿ?'
ಅವರು ಇಂಗ್ಲಿಷಿಗೆ ತಿರುಗಿಸಿದರು. ದೊರೆ ನಕ್ಕು ಏನೋ ಅಂದ.
ಅದು ಕನ್ನಡಕ್ಕೆ ಬರಲಿಲ್ಲ.

ಮರುದಿನ ನೀರನ್ನು ಕತ್ತರಿಸುತ್ತ ಓಡಿ, ಓಡಿ,
ಇನ್ನೇನು ಕಟ್ಟೆಗೆ ಬಡಿಯಿತು ಅನ್ನುವಾಗ
ಎದ್ದಿತು. ಕಣಿವೆಗೆ ಕಣಿವೆಯೇ ಹೋ ಅಂದಿತು.
ನಾನು ಹೊಲಿಗೆಯನ್ನೇ ನೋಡುತ್ತಿದ್ದೆ.

ದೀಪಾವಳಿಗೆ ಸುದ್ದಿ:
ದಂಡಿನವರು ಒಪ್ಪಲಿಲ್ಲವಂತೆ.
ನೀರಿಗೆ ತೂಕ ಹೆಚ್ಚು, ಗಾಳಿಗೆ ಇನ್ನೂ ಹೆಚ್ಚು.
ಮಾಡಿದ್ದೇ ಒಂದು, ಅದನ್ನೂ ಕಳಚಿಟ್ಟರಂತೆ.
'ಹೊಲಿಗೆ?' ಅಂದ ಅಪ್ಪ.
'ಕತ್ತರಿಸಬೇಕಾಯಿತಂತೆ ವಿಠೋಬಣ್ಣ. ಬಿಚ್ಚಲಿಲ್ಲ.'

ಅಪ್ಪ ಏನೂ ಅನ್ನದೆ ಮಷೀನಿನ ಗಾಲಿ ತಿರುವಿದ.
ಆ ರಾತ್ರಿ ಗೋಡೆಯಾಚೆ ಅವನ ಕೆಮ್ಮು ಕೇಳುತ್ತ
ಸುಮ್ಮನೆ ಬೆರಳಿಗೆ ದಾರ ಸುತ್ತಿಕೊಂಡು
ಒಮ್ಮೆ ಜಗ್ಗಿ ನೋಡಿದೆ.