ಜೂನ್ ಒಂದು

ಹಾಜರಿ ಪುಸ್ತಕದ ಪ್ರಕಾರ
ನನ್ನ ಏಳನೇ ತರಗತಿಯ ಮೂವತ್ತೊಂದು ಮಕ್ಕಳಲ್ಲಿ
ಇಪ್ಪತ್ತಾರು ಮಂದಿ ಹುಟ್ಟಿದ್ದು ಜೂನ್ ಒಂದಕ್ಕೆ.
ಅವತ್ತು ವಾಡಿಯ ಸೂಲಗಿತ್ತಿಯರಿಗೆ
ನೀರು ಕುಡಿಯಲೂ ಪುರುಸೊತ್ತಿರಲಿಲ್ಲವೇನೋ.

ಇಲ್ಲಿ ರಾತ್ರಿಗೆ ಚುಕ್ಕಿ ಕಡಿಮೆ.
ಸಿಮೆಂಟ್ ಕಾರ್ಖಾನೆಯ ದೀಪ, ದೀಪದ ಮೇಲೆ ಅದರದೇ ಧೂಳು,
ಬೆಳಗಾದರೆ ಬೇವಿನೆಲೆಗೂ ವಿಭೂತಿ.
ಅದಕ್ಕೇ ಕಿಟಕಿಗೆ ಗೋಣಿತಟ್ಟು ಹೊದಿಸಿ,
ಗೋಡೆಗೆ ನನ್ನ ಮದುವೆಯ ಬಿಳಿ ಚಾದರ ಬಿಗಿದು,
ಹಳೇ ಲ್ಯಾಪ್‌ಟಾಪಿನಿಂದ ಆಕಾಶ ಬಿಚ್ಚಿದೆ.

ಎ ಒತ್ತಿದರೆ ಗಾಳಿ ಇಲ್ಲ, ಧೂಳಿಲ್ಲ,
ಹಾಡಹಗಲೇ ಚುಕ್ಕಿ.
ಜಿ ಒತ್ತಿದರೆ ನೆಲವೇ ಇಲ್ಲ.
ಫರಸಿಯ ಮೇಲೆ ಕೂತ ಖಾಜಾಹುಸೇನ
ಕಾಲು ಮೇಲೆತ್ತಿಕೊಂಡ:
"ಟೀಚರ್, ನಮ್ಮೂರು ಎಲ್ಲಿ ಹೋಯ್ತ್ರಿ?"

ನೀಲಗಂಗಾ ಕೇಳಿದ್ದು ಬೇರೆ.
"ಇದರಾಗ ಹಿಂದಕ್ಕ ಹೋಗಬಹುದೇನ್ರಿ? ನಾ ಹುಟ್ಟಿದ ರಾತ್ರಿಗಿ?"
ಜೂನ್ ಒಂದಾ, ಅಂದೆ.
"ಅದು ಹೆಡ್‌ಮಾಸ್ತರ್ ಬರ್ದದ್ದು.
ಅವ್ವ ಹೇಳ್ತಾಳ, ಹೊಸ್ತಿಲ ಹುಣ್ಣಿಮಿ, ತೊಗರಿ ಕೊಯ್ಲು,
ಚಂದ್ರಗ ಗಿರಾಣ ಹಿಡಿದಿತ್ತಂತ."
ಹಿಂದಿನ ಸಾಲಿನಿಂದ ಒಂದು ನಗೆ.
ಓಣಿಯಲ್ಲಿ ಅವಳ ಹೆಸರೇ ಗಿರಾಣ.

ವರ್ಷ ಯಾವುದು? ಅವ್ವನಿಗೂ ಗೊತ್ತಿಲ್ಲ.
ಒಬ್ಬರಾದ ಮೇಲೆ ಒಬ್ಬರು ಬಂದು ಕೀಲಿ ಒತ್ತಿ
ಒಂದೊಂದೇ ಹುಣ್ಣಿಮೆಯ ಹೊಸ್ತಿಲು ದಾಟಿದೆವು.
ಎರಡು ಸಾವಿರದ ಹನ್ನೆರಡು: ದುಂಡಗೆ, ಬೆಳ್ಳಗೆ, ಏನೂ ಆಗದ ಚಂದ್ರ.
ಹತ್ತು: ಅದೂ ಹಾಗೇ, ಕಾದು ಕಾದು ಚಾದರದಲ್ಲೇ ಬೆಳಗಾಯಿತು.
ಹನ್ನೊಂದು, ಡಿಸೆಂಬರ್ ಹತ್ತು, ಶನಿವಾರ.
ಆರೂಕಾಲಿಗೆ ಕೆಳಗಿನ ಅಂಚಿಗೆ ಯಾರೋ ಹಲ್ಲೂರಿದರು.
ಖಾಜಾಹುಸೇನನೂ ಸುಮ್ಮನಾದ.

ಮರುದಿನ ಅವ್ವನನ್ನೇ ಕರೆತಂದಳು.
ಅರ್ಧ ದಿನದ ಕೂಲಿ ಬಿಟ್ಟು ಬಂದ ಶಾಂತಾಬಾಯಿ
ಮಕ್ಕಳ ನಡುವೆ ಸೆರಗು ಹೊದ್ದು ಕೂತಳು.
ನಾನು ಗ್ರಹಣವನ್ನು ನಿಧಾನ ಓಡಿಸಿದೆ.

"ಇಲ್ಲಿ ತಡೀರಿ. ಇಲ್ಲೇ ನೋವು ಸುರುವಾಗಿದ್ದು.
ಟ್ರಾಲಿಯಾಗ ತೊಗರಿಕಟ್ಟಿಗಿ ಮ್ಯಾಲ ಮಲಗಿಸಿದ್ರು.
ಬಸುರಿ ನೋಡಬಾರದು, ಕಣ್ಣು ಮುಚ್ಚು ಅಂದ್ರು.
ಅಂಗಾತ ಮಲಗಿದಾಕಿ ಮತ್ತೇನು ನೋಡ್ಲಿ?"

ಏಳೂ ಮೂವತ್ತಾರು.
ಚಂದ್ರ ಪೂರ್ತಿ ತಾಮ್ರ. ಕೆಳಗೆ ಸಾಲಾಗಿ ಮೂರು.
"ಹೂಂ, ಕೂರಿಗಿ ಚುಕ್ಕಿ. ಇಲ್ಲೇ ರೈಲ್ವೆ ಗೇಟು ಹಾಕಿದ್ರು.
ಸಿಮೆಂಟಿನ ಗೂಡ್ಸು. ಡಬ್ಬಿ ಎಣಿಸಿದೆ, ನಲವತ್ತೋ ಐವತ್ತೋ..."
ಆಮೇಲೆ ಮಾತಿಲ್ಲ. ಚಾದರದ ಮೂಲೆಯಲ್ಲಿ ಗಡಿಯಾರ ಮಾತ್ರ.
ಅಂಚಿನಲ್ಲಿ ಜೋಳದ ಕಾಳಿನಷ್ಟು ಬೆಳಕು ಒಡೆದಾಗ
ಎದ್ದು ಹೋಗಿ ಅದರ ಮೇಲೆ ಬೆರಳಿಟ್ಟಳು.
ಅವಳ ಕೈಯ ಮೇಲೂ ಒಂದಿಷ್ಟು ಚಂದ್ರ.
"ಈಗ ಅತ್ತಳು."

ಎಂಟೂ ಇಪ್ಪತ್ತೊಂಬತ್ತು.

ನಕ್ಕಿದ್ದ ಹುಡುಗ ಕೇಳಿದ:
"ಚಂದ್ರನ ಮ್ಯಾಲ ಬಿದ್ದ ನೆರಳು ಯಾರದ್ರಿ?"
ಭೂಮಿದು, ಅಂದೆ. ನಮ್ಮದು.
"ಅಂದ್ರ ಅದರಾಗ ಆ ಗೇಟೂ ಇತ್ತೇನ್ರಿ? ಟ್ರಾಲಿನೂ?"
ಇತ್ತು. ಇಲ್ಲ ಎನ್ನಲು ನನಗೆ ಕಾರಣ ಹೊಳೆಯಲಿಲ್ಲ.

ಹೆಡ್‌ಮಾಸ್ತರು ಪುಸ್ತಕ ತಿದ್ದಲು ಬರುವುದಿಲ್ಲ ಅಂದರು,
ಶಾಯಿಯಲ್ಲಿ ಬರೆದದ್ದು, ಮೇಲೆ ಮೊಹರು ಬೇರೆ.
ನೀಲಗಂಗಾ ಏನೂ ಅನ್ನಲಿಲ್ಲ. ಎಡಚಿ ಹುಡುಗಿ,
ಬಲ ಅಂಗೈ ಮೇಲೆ ಪೆನ್ನಿನಿಂದ ವೇಳೆ ಬರೆದುಕೊಂಡು
ಅವತ್ತು ಬಿಸಿಯೂಟಕ್ಕೆ
ಚಮಚ ಕೇಳಿದಳು.