ಮಾದರಿ ೩೧೭

ಬೆಳಿಗ್ಗೆ ಒಂಬತ್ತೂವರೆಗೆ ಬಿಯರ್ ಕುಡಿಯುವುದು
ಬ್ಯಾಲರಟ್ಟಿನಲ್ಲಿ ಇವತ್ತೊಂದು ದಿನ ಮರ್ಯಾದಸ್ಥರ ಕೆಲಸ.
ಫುಟ್‌ಬಾಲ್ ಕ್ಲಬ್ಬಿನ ಕೋಣೆ, ಜುಲೈ ಚಳಿ,
ಕೆಮ್ಮುತ್ತ ಉರಿಯುವ ಗ್ಯಾಸ್ ಹೀಟರು,
ಗೋಡೆಯಲ್ಲಿ ಎಂದೋ ಗೆದ್ದ ತಂಡಗಳ ಮೀಸೆಗಳು.
ಸೆಂಟು ಹಾಕಿಲ್ಲ, ತುಟಿಗೆ ಬಣ್ಣವಿಲ್ಲ,
ತಲೆಗೆ ಎಣ್ಣೆ ಕೂಡ ಹಚ್ಚದೆ ಬಂದಿದ್ದೇನೆ.
ಎದುರಿಗೆ ಲೋರ್ನಾ ಪ್ಯಾಸ್ಕೋ, ನಿವೃತ್ತ ಸೂಲಗಿತ್ತಿ,
ಹೊಗಳುವುದರಲ್ಲಿ ಮಹಾ ಜಿಪುಣಿ.
ನಮ್ಮಿಬ್ಬರ ನಡುವೆ ಉಪ್ಪಿಲ್ಲದ ಬಿಸ್ಕತ್ತು, ನೀರು.

ಮುನ್ನೂರ ಹದಿನೇಳು ಬಂತು.
ಹೆಸರಿಲ್ಲ, ಊರಿಲ್ಲ, ಲೋಟಕ್ಕೆ ಅಂಟಿಸಿದ ಅಂಕಿ ಅಷ್ಟೆ.
ಪೇಲ್ ಏಲ್ ಅನ್ನುತ್ತದೆ ಚೀಟಿ.
ಬಣ್ಣ: ಹುಣಿಸೆಹಣ್ಣು ತಿಕ್ಕಿ ತೊಳೆದ ಹಿತ್ತಾಳೆ.
ತುಸು ಮಸುಕು. ಇರಲಿ.
ನೊರೆ ನಿಂತಿದೆ; ಗಾಜಿನ ಒಳಗೋಡೆಗೆ
ಕಸೂತಿ ಬಿಟ್ಟುಕೊಂಡು ನಿಧಾನ ಇಳಿಯುತ್ತಿದೆ.

ಮೂಗಿಟ್ಟೆ.
ಚಕ್ಕೋತ, ಎಂದಳು ಲೋರ್ನಾ.
ನನಗೆ ಸಿಕ್ಕಿದ್ದು
ಮಾವಿನ ತೊಟ್ಟು ಮುರಿದಾಗ ಚಿಮ್ಮುವ ಸೊನೆ,
ಅದರ ಹಿಂದೆ ಹೇರಳೆಕಾಯಿ ಸಿಪ್ಪೆ,
ಇನ್ನೂ ಹಿಂದೆ, ಆಗಷ್ಟೇ ಗರಗಸ ಹಾಯ್ದ ಪೈನ್ ಹಲಗೆ.
ನಮೂನೆಯಲ್ಲಿ ಸೊನೆಗೆ ಜಾಗವಿಲ್ಲ.
ರಾಳ ಎಂದು ಗೀಚಿದೆ. ಅರ್ಧ ಸುಳ್ಳು.

ಒಂದು ಗುಟುಕು.
ಕಹಿ ಬಂತು. ಬೇವಿನ ಹಟದ ಕಹಿಯಲ್ಲ.
ಉಪ್ಪು ಸವರಿ ಹಿಂಡಿದ ಹಾಗಲ
ಹಿಂಡಿದ ಮೇಲೂ ತನ್ನದೆಂದು ಉಳಿಸಿಕೊಳ್ಳುತ್ತದಲ್ಲ, ಅಷ್ಟು.
ಮಾಲ್ಟಿನ ಸಿಹಿ ಅದರ ತೋಳು ಹಿಡಿದು
ನಾಲಗೆಯ ನಡುವಿನವರೆಗೆ ನಡೆಸಿಕೊಂಡು ಬಂದು
ಕೈಬಿಟ್ಟಿತು. ಆಮೇಲೆ ಒಗರು.
ಈ ಹಾಳೆಯಲ್ಲಿ ಒಗರು ದೋಷಗಳ ಪಟ್ಟಿಯಲ್ಲಿದೆ;
ನನ್ನ ಬಾಯಲ್ಲಿ ಅದು
ಆರು ರುಚಿಗಳ ಪಂಕ್ತಿಯಲ್ಲೇ ಎಲೆ ಹಾಕಿಸಿಕೊಂಡ ನೆಂಟ.
ಎಬ್ಬಿಸಲಿಲ್ಲ.

ಇನ್ನೊಂದು ಗುಟುಕು, ಕಣ್ಣು ಮುಚ್ಚಿ.
ಅಡಿಯಲ್ಲಿ, ಎಲ್ಲದರ ಅಡಿಯಲ್ಲಿ,
ನೆಂದ ರಟ್ಟು.
ಲೋರ್ನಾ ಹುಬ್ಬೆತ್ತಿದಳು: ನಿನಗೂ ಸಿಕ್ಕಿತಾ?
ಗಾಳಿ ತಾಗಿದೆ. ಎಲ್ಲೋ ಒಂದು ಮುಚ್ಚಳ ಸಡಿಲ.
ಐವತ್ತಕ್ಕೆ ಮೂವತ್ತೊಂದು. ಅವಳದು ಮೂವತ್ತು.
ಅಂದರೆ, ಚೆನ್ನಾಗಿದೆ, ಪದಕ ಕೇಳಬೇಡ.
ಬಿಸ್ಕತ್ತು ಕಚ್ಚಿ ಮುಂದಿನ ಲೋಟಕ್ಕೆ ಹೋದೆವು.

ಸಂಜೆ ನಾಲ್ಕಕ್ಕೆ ಅಂಕಿಗಳಿಗೆಲ್ಲ ಹೆಸರು ಬಂತು.
ಮುನ್ನೂರ ಹದಿನೇಳು, ಮರ್ವಿನ್ ಪೆಂಗೆಲಿ.
ಬೆಳಗಿನಿಂದ ತಟ್ಟೆ ಹೊತ್ತು
ನಮ್ಮ ಮುಖ ಮಾತ್ರ ನೋಡದೆ ಓಡಾಡಿದ ಮುದುಕ.
ಹಾಳೆ ಹಿಡಿದು ಬಂದು ನಿಂತ.
"ಮೂರು ವರ್ಷದ ಹಿಂದೊಂದು ಜ್ವರ. ಹೋಗುವಾಗ
ಮೂಗನ್ನೂ ಕರೆದುಕೊಂಡು ಹೋಯಿತು.
ಹಾಪ್ ಹಾಕುವುದು ಗಡಿಯಾರ ನೋಡಿ,
ಹುದುಗು ತಿಳಿಯುವುದು ನಳಿಗೆಯ ಗುಳುಗುಳು ಕೇಳಿ.
ಅಂಕ ಬಿಡು. ವಾಸನೆ ಹೇಗಿದೆ?"

ರಾಳ, ಎಂದೆ. ಅವನು ಕಾಯುತ್ತಲೇ ಇದ್ದ.
ಹಾಳೆ ಕಿತ್ತುಕೊಂಡು ಹಿಂಬದಿಯಲ್ಲಿ
ಒಂದು ಮಾವಿನಕಾಯಿ ಬರೆದೆ, ತೊಟ್ಟು ಮುರಿದೆ,
ಅಲ್ಲಿಂದೊಂದು ಹನಿ.
"ತುಟಿ ಸುಡುತ್ತದಲ್ಲ, ಅದಾ?"
ಹರೆಯದಲ್ಲಿ ಒಂದು ಬೇಸಿಗೆ
ಕ್ವೀನ್ಸ್‌ಲ್ಯಾಂಡಿನಲ್ಲಿ ಕೂಲಿಗೆ ಹಣ್ಣು ಕಿತ್ತಿದ್ದನಂತೆ.
ಹೆಬ್ಬೆರಳು ತಾನಾಗಿ ಕೆಳತುಟಿಯ ಮೂಲೆಗೆ ಹೋಯಿತು,
ಈಗ ಅಲ್ಲೇನೂ ಇಲ್ಲ.
ಅದೇ, ಎಂದೆ.

"ರಟ್ಟು?"
ಅದೂ ಇದೆ.
"ಆ ಸೀಸೆ ಮುಚ್ಚುವಾಗ ಮಗಳ ಫೋನು ಬಂದಿತ್ತು."

ಅಂಕ ತಿದ್ದಲಿಲ್ಲ, ಅವನೂ ಕೇಳಲಿಲ್ಲ.
ಉಳಿದದ್ದನ್ನು ಎರಡು ಲೋಟಕ್ಕೆ ಬಗ್ಗಿಸಿ
ನನ್ನದನ್ನು ನನಗೆ ಕೊಟ್ಟು
ತನ್ನದನ್ನು ಕಿವಿಗೆ ಹಿಡಿದ.
ನೊರೆ ಸಣ್ಣಗೆ ಒಡೆಯುತ್ತಿತ್ತು.
ಆಚೆ ಲೋರ್ನಾ, ಯಾರೋ ತನ್ನ ಕೋಟು ಹಾಕಿಕೊಂಡು ಹೋದರೆಂದು
ಕ್ಲಬ್ಬಿಗೆಲ್ಲ ಕೇಳುವಂತೆ ಬೈಯುತ್ತಿದ್ದಳು.