ಹತ್ತು ಕಿಲೋ ನಾನು

ಮೊದಲ ಎರಡು ವಾರ ಕಾಲು ಎದೆಗಿಂತ ಮೇಲೆ.
ಮೂರು ದಿಂಬು, ಅದರ ಮೇಲೆ ಗುಲಾಬಿಯ ಹಳೇ ಸೀರೆಯ ಮಡಿಕೆ,
ಅದರ ಮೇಲೆ ಪ್ಲಾಸ್ಟರು ಹಾಕಿಕೊಂಡು ಅವನು, ದೊಡ್ಡ ಮನುಷ್ಯ.
ನಾನು ಕೆಳಗೆ, ಅವನ ಆಳಿನ ಹಾಗೆ.

ಬೋಳಾರದ ಈ ಕಿಟಕಿಗೆ ಬಸ್ಸು ಕಾಣುವುದಿಲ್ಲ, ಕೇಳುತ್ತದೆ.
ಹಾರ್ನಿನಲ್ಲೇ ಹೇಳಬಲ್ಲೆ: ಯಾವ ಡ್ರೈವರ್, ಎಷ್ಟು ನಿಮಿಷ ಲೇಟು,
ಹಿಂದಿನ ಬಸ್ಸು ಅವನ ಬಾಲಕ್ಕೆ ಬಂತೋ ಇಲ್ಲವೋ.
ಇಪ್ಪತ್ತೊಂಬತ್ತು ವರ್ಷ ಫುಟ್‌ಬೋರ್ಡಿನಲ್ಲಿ ನಿಂತವನಿಗೆ
ಮಲಗುವುದೂ ಒಂದು ಕೆಲಸ, ಕಲಿಯಬೇಕು.

ಕೀಲು ಹೋದದ್ದು ಎಂಟಾಣೆಗೆ.
ಜ್ಯೋತಿಯಲ್ಲಿ ಇಳಿದ ಹುಡುಗಿಗೆ ಚಿಲ್ಲರೆ ಬಾಕಿ ಇತ್ತು.
ಕೂಗಿದೆ, ಕೇಳಲಿಲ್ಲ, ಹಾರಿದೆ.
ಬಸ್ಸು ಇನ್ನೂ ನಿಂತಿರಲಿಲ್ಲ;
ನಿಲ್ಲುವ ತನಕ ನಾನು ಯಾವತ್ತು ಕಾದವನು?
ನಾಣ್ಯ ಮುಷ್ಟಿಯಲ್ಲೇ ಉಳಿಯಿತು.
ಎಣ್ಣೆ ಹಚ್ಚಿ, ಬಿದಿರಿನ ದಬ್ಬೆ ಕಟ್ಟಿ
ನಲವತ್ತು ದಿನಕ್ಕೆ ಸರಿಯಾಯಿತು ಎಂದರು.
ಸರಿಯೇ. ಸ್ವಲ್ಪ ಸೊಟ್ಟ, ಅಷ್ಟೆ.
ಆ ಸೊಟ್ಟದ ಮೇಲೆ ಮತ್ತೆ ಇಪ್ಪತ್ತು ವರ್ಷ
ಹಂಪನಕಟ್ಟೆ, ಬಲ್ಮಠ, ಕಂಕನಾಡಿ, ಪಂಪ್‌ವೆಲ್.
ಎಲುಬು ಎಲುಬನ್ನು ಅರೆಯಿತು.
ಎಕ್ಸ್‌ರೇ ಬೆಳಕಿಗೆ ಹಿಡಿದು ಡಾಕ್ಟರು ಹೇಳಿದರು:
ಇಲ್ಲಿ ಒಂದು ಸಂದು ಇರಬೇಕಿತ್ತು.

ಈಗ ಉಂಟು. ಮೇಲೊಂದು ಲೋಹ, ಕೆಳಗೊಂದು ಲೋಹ,
ನಡುವೆ ಕ್ಯಾರಂ ಕಾಯಿಯಷ್ಟು ಬಿಳಿ ಪ್ಲಾಸ್ಟಿಕ್ಕು.
ತುಕ್ಕು ಹಿಡಿಯುವುದಿಲ್ಲವಾ ಡಾಕ್ಟ್ರೇ,
ನಮ್ಮದು ಕಡಲ ಗಾಳಿ, ಎಂದು ಕೇಳಿದಳು ಗುಲಾಬಿ.
ಅವರು ನಗಲಿಲ್ಲ. ಇಲ್ಲಮ್ಮ, ಎಂದರು.

ಏಳನೆಯ ವಾರ ಸಫೂರಾ ಬಂದಳು, ಸ್ಕೂಟರಿನಲ್ಲಿ.
ಹೆಬ್ಬೆರಳಿನಿಂದ ಗಾಳಿಯಲ್ಲಿ ಎಬಿಸಿಡಿ ಬರೆಯಿರಿ ಅಂಕಲ್.
ನನಗೆ ಅದು ಬರುವುದಿಲ್ಲ, ಕನ್ನಡ ಆದೀತಾ?
ಒಂದು ಗಳಿಗೆ ಯೋಚಿಸಿದಳು. ಒಳ್ಳೆಯದೇ, ಅದು ಉರುಟು.
ಐದನೆಯ ಕ್ಲಾಸಿನಲ್ಲಿ ಬಿಟ್ಟುಬಂದ ಅಕ್ಷರಗಳು.
ಠ ಸುಲಭ, ಒಂದು ಸುತ್ತು, ಒಂದು ಚುಕ್ಕೆ.
ಅ ಅರ್ಧಕ್ಕೆ ನಿಂತಿತು.
ಈ ಬರೆಯುವಾಗ ಕಣ್ಣಲ್ಲಿ ನೀರು.
ಋ ಇವತ್ತು ಬೇಡ, ಎಂದಳು ಅವಳೇ.
ಮೊರದಲ್ಲಿ ಬೀಡಿ ಸುರುಟುತ್ತಾ ಗುಲಾಬಿ ಲೆಕ್ಕ ಇಟ್ಟಳು:
ಅವಳ ಇಪ್ಪತ್ತೈದರ ಒಂದು ಕಟ್ಟಿಗೆ
ನನ್ನದು ಆರು ಅಕ್ಷರ.

ಆಮೇಲೆ ತೂಕ. ಬಂದರಿನ ಹಸನಬ್ಬರ ಅಂಗಡಿಯಿಂದ
ನೆಲದ ತಕ್ಕಡಿ ಬಂತು, ಒಣಮೀನಿನ ವಾಸನೆ ಬಿಡದ್ದು.
ಹತ್ತು ಕಿಲೋ ಮಾತ್ರ, ಹೆಚ್ಚು ಬೇಡ, ಎಂದಳು ಸಫೂರಾ.
ವಾಕರ್ ಹಿಡಿದು, ಮುಳ್ಳು ನೋಡುತ್ತಾ,
ಹತ್ತು ಕಿಲೋ ನಾನು ನೆಲಕ್ಕೆ ಇಳಿದೆ.
ಉಳಿದ ಐವತ್ತೆಂಟು ಕಿಲೋ ಇನ್ನೂ ಬಸ್ಸಿನೊಳಗೆ.

ಮರುವಾರ ಇಪ್ಪತ್ತು. ಮತ್ತೆ ಮೂವತ್ತು.
ಸಂಜೆಗೆ ಊತ, ಬಂಗುಡೆಯ ಹೊಟ್ಟೆಯಂತೆ ಹೊಳೆಯುವ ಚರ್ಮ.
ರಾತ್ರಿ, ಹೊಲಿಗೆಯ ಗೆರೆಯುದ್ದಕ್ಕೂ ಇರುವೆ.
ಹಳೆಯ ನೋವು ಮಾತ್ರ ಬರಲಿಲ್ಲ.
ಅದಕ್ಕಾಗಿ ಎಚ್ಚರ ಇದ್ದೆ ನಾನು, ತುಂಬ ಹೊತ್ತು,
ಕೊನೆಯ ಟ್ರಿಪ್ಪಿನಲ್ಲಿ ದಿನಾ ಬರುತ್ತಿದ್ದ ಗಿರಾಕಿ
ಇವತ್ತು ಯಾಕೆ ಇಲ್ಲ ಎಂದು ನೋಡುವ ಹಾಗೆ.

ನಾಲ್ಕನೆಯ ತಿಂಗಳು ಕೋಲು ಹಿಡಿದು ಸ್ಟಾಪಿಗೆ ಹೋದೆ.
ಬಸ್ಸು ಬಂತು. ಇಪ್ಪತ್ತರ ಕಂಡಕ್ಟರ್, ಪರಿಚಯವಿಲ್ಲ.
ಹತ್ತುವಾಗ ಒಳ್ಳೆಯ ಕಾಲು ಮೊದಲು, ಸಫೂರಾಳ ಪಾಠ.
ಕಂಬಿ ಹಿಡಿದೆ.
ಮೆಟ್ಟಿಲು ನನಗೆ ಗೊತ್ತಿದ್ದಕ್ಕಿಂತ ಎತ್ತರ ಇತ್ತು.
ಎಷ್ಟು ಮುದುಕಿಯರನ್ನು ಬೇಗ ಬೇಗ ಎಂದಿದ್ದೇನೆ ಇದೇ ಮೆಟ್ಟಿಲಲ್ಲಿ,
ಬೆನ್ನಿಗೆ ಅಂಗೈ ಕೊಟ್ಟು, ಮೂಟೆ ಏರಿಸಿದ ಹಾಗೆ.
ಒಳಗಿನಿಂದ ಯಾರೋ: ಎಂತ ಮಾರಾಯ, ಹೋಗುವುದಾ ಇಲ್ವಾ?
ಹಿಂದಿನ ಬಸ್ಸಿನ ಹಾರ್ನು.
ಹುಡುಗನ ತುಟಿಯಲ್ಲಿ ವಿಸಿಲ್ ಇತ್ತು.
ಊದಲಿಲ್ಲ.

ಎರಡೂ ಪಾದ ಮೇಲೆ ಬಂದದ್ದು ನೋಡಿ,
ದುಂಬು ಪೋಲೆ ಅಜ್ಜಾ, ಎಂದ.
ಮುಂದೆ ಹೋದೆ.
ಮುಷ್ಟಿಯಲ್ಲಿ ಚಿಲ್ಲರೆ ಬೆವೆತಿತ್ತು.